ಮಿಲ್ಲಿನ ತೊಲೆ

ಮದ್ದೂರಿನಲ್ಲಿ ಕೆಂಪಯ್ಯನವರ ಅಕ್ಕಿ ಮಿಲ್ಲು ನಿಂತುಹೋದ ಮೇಲೆ ಅದರೊಳಗೆ ಇಲಿಗಳು ಸೇರಿದವು, ಪಾರಿವಾಳಗಳು ಸೇರಿದವು, ಕೊನೆಗೆ ಬ್ಯಾಡ್ಮಿಂಟನ್ನೂ ಸೇರಿತು. ಭತ್ತದ ಮೂಟೆ ಒಟ್ಟುತ್ತಿದ್ದ ಗೋಡೌನಿನಲ್ಲಿ ಕೆಂಪಯ್ಯ ಮೊಮ್ಮಗಳು ಶ್ವೇತಳಿಗಾಗಿ ಸುಣ್ಣದ ಗೆರೆ ಎಳೆಸಿ ನೆಟ್ ಕಟ್ಟಿಸಿದರು. ಕಟ್ಟಿಸಿದ ಮೇಲೆ ಎದುರು ನಿಂತು ಆಡಲು ಯಾರೂ ಇಲ್ಲ ಎಂಬುದು ಗಮನಕ್ಕೆ ಬಂತು. ಮಿಲ್ಲಿನ ಮೋಟಾರು ಬಿಚ್ಚಲು ಬಂದಿದ್ದ ಮೆಕ್ಯಾನಿಕ್ ಮೆಹಬೂಬ್ ಪಾಷಾನ ಹಿಂದೆ ಅವನ ಮಗಳು ಅಕ್ಸಾ ಸುಮ್ಮನೆ ನಿಂತಿದ್ದಳು. ಅವಳ ಕೈಗೊಂದು ರ್ಯಾಕೆಟ್ ಕೊಟ್ಟರು. ಆಗ ಇಬ್ಬರೂ ಪ್ರೈಮರಿ ಶಾಲೆಯ ಹುಡುಗಿಯರು. ಕಾಲೇಜು ಸೇರಿದ ಮೇಲೂ ಆ ಆಟ ನಿಲ್ಲಲಿಲ್ಲ.

ಶ್ವೇತಳಿಗೆ ಆಟವೆಂದರೆ ಸಂಜೆ ಕಳೆಯುವ ದಾರಿ. ಅಕ್ಸಾ ಮಾತ್ರ ಗೆಲ್ಲುವುದಕ್ಕೆಂದೇ ಹುಟ್ಟಿದವಳು. ಸೋತ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ, ಅವಳ ಅಮ್ಮ ಶಮೀಮ್ ಬಾನು ತಟ್ಟೆ ಹಿಡಿದು ಹಿಂದೆ ಓಡಾಡಬೇಕಾಗುತ್ತಿತ್ತು.

ಆ ಗೋಡೌನಿಗೆ ಒಂದು ತೊಡಕಿತ್ತು. ಕೋರ್ಟಿನ ಎರಡೂ ಕಡೆ ತಲೆಯ ಮೇಲೆ ಒಂದೊಂದು ಮರದ ತೊಲೆ ಅಡ್ಡ ಹಾದಿತ್ತು. ಎತ್ತರಕ್ಕೆ ಹೊಡೆದ ಶಟಲ್ ಒಮ್ಮೊಮ್ಮೆ ಅದನ್ನು ಸವರಿಕೊಂಡು ಹೋಗುತ್ತಿತ್ತು. ಮೇಲೆಲ್ಲ ಮಬ್ಬು, ಆಚೆ ಕಡೆಯವಳಿಗೆ ಕಾಣುತ್ತಿರಲಿಲ್ಲ. ಇದರ ಜಗಳ ಕೇಳಿ ಕೇಳಿ ಸಾಕಾಗಿ ಕೆಂಪಯ್ಯ ಒಂದು ಕಾನೂನು ಮಾಡಿದರು.

"ಒಡ್ದೋಳೇ ಬಾಯ್ಬುಟ್ಟು 'ತೊಲೆ' ಅನ್ಬೇಕು. ಅಂದ್ರೆ ಆ ಪಾಯಿಂಟು ತಿರ್ಗ ಆಡಿ. ಇನ್ನೊಬ್ಳು ಅದ್ನ ಎದುರಾಡಂಗಿಲ್ಲ. ಅಷ್ಟೆಯ."

ಆ ಕಾನೂನಿನಲ್ಲಿ ಬೆಳೆದ ಅಕ್ಸಾ ಮೊದಲು ತಾಲ್ಲೂಕು ಗೆದ್ದಳು, ಆಮೇಲೆ ಜಿಲ್ಲೆ ಗೆದ್ದಳು. ಹತ್ತೊಂಬತ್ತರೊಳಗಿನವರ ರಾಜ್ಯ ತಂಡದ ಆಯ್ಕೆ ಈ ಸಲ ಮಂಡ್ಯದ ಒಳಾಂಗಣ ಕ್ರೀಡಾಂಗಣದಲ್ಲೇ ನಡೆಯಿತು. ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಅದಕ್ಕೆ ಕೊನೆಯ ಪಂದ್ಯ ಬೆಂಗಳೂರಿನ ಅಮೃತ ಎಂಬ ಹುಡುಗಿಗೂ ಅಕ್ಸಾಳಿಗೂ. ಗೆದ್ದವಳು ರಾಷ್ಟ್ರ ಮಟ್ಟಕ್ಕೆ, ಸೋತವಳು ಮನೆಗೆ. ಅಕ್ಸಾಳ ವಯಸ್ಸಿಗೆ ಇದಾದ ಮೇಲೆ ಇನ್ನೊಂದೇ ವರ್ಷದ ಅವಕಾಶವಿತ್ತು.

ಇಬ್ಬರೂ ಒಂದೊಂದು ಗೇಮ್ ಗೆದ್ದು ಮೂರನೆಯದರಲ್ಲಿ ಅಮೃತ ಇಪ್ಪತ್ತು, ಅಕ್ಸಾ ಹತ್ತೊಂಬತ್ತು ಆಗಿ ನಿಂತರು. ಗ್ಯಾಲರಿಯಲ್ಲಿ ಕೆಂಪಯ್ಯ, ಪಾಷಾ, ಶ್ವೇತ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಅಮೃತ ಅಕ್ಸಾಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿಸಿದಳು. ಅಕ್ಸಾ ಹೇಗೋ ಬಗ್ಗಿ ಶಟಲನ್ನು ಮೇಲಕ್ಕೆತ್ತಿದಳು, ಎತ್ತಿದವಳು ಮೊಣಕಾಲೂರಿ ಬಿದ್ದಳು. ಅಮೃತ ಸ್ಮ್ಯಾಶಿಗೆ ಕೈ ಎತ್ತಿ ಶಟಲ್ ಕೆಳಗೆ ನಿಂತಿದ್ದಳು. ಕೋರ್ಟಿನ ಅರ್ಧ ಭಾಗ ಖಾಲಿ ಬಿದ್ದಿತ್ತು. ಕಥೆ ಮುಗಿಯಿತು ಎಂದು ಅಕ್ಸಾಳಿಗೆ ಗೊತ್ತಾಯಿತು.

"ತೊಲೆ" ಎಂದು ಕೂಗಿಬಿಟ್ಟಳು.

ಅಲ್ಲಿ ತೊಲೆಯೇ ಇರಲಿಲ್ಲ. ಉದ್ಘಾಟನೆಗೆ ಬಂದಿದ್ದ ಗಣ್ಯರಿಗಾಗಿ ಬಣ್ಣದ ಕಾಗದ ಕಟ್ಟಿದ ಹಗ್ಗವೊಂದು ಮೇಲೆ ಜೋತಾಡುತ್ತಿತ್ತು, ಅಷ್ಟೆ. ಶಟಲ್ ಅದಕ್ಕೂ ತಾಗಿರಲಿಲ್ಲ. ಆದರೆ ಮಿಲ್ಲಿನಲ್ಲಿ ತಾಗದೆ ಇದ್ದಾಗಲೂ, ಪಾಯಿಂಟು ಕೈಬಿಟ್ಟು ಹೋಗುತ್ತಿದೆ ಅನ್ನಿಸಿದಾಗ ಅಕ್ಸಾ ಹಾಗೆ ಕೂಗುತ್ತಿದ್ದಳು. ಎಷ್ಟು ಅಭ್ಯಾಸವಾಗಿತ್ತೆಂದರೆ ಅದು ಸುಳ್ಳು ಎಂದು ಅವಳಿಗೇ ಅನ್ನಿಸುತ್ತಿರಲಿಲ್ಲ.

ಕೂಗಿಗೆ ಗಲಿಬಿಲಿಯಾದ ಅಮೃತ ಅರೆಮನಸ್ಸಿನಿಂದ ಹೊಡೆದು ಶಟಲನ್ನು ನೆಟ್ಟಿಗೆ ಹಾಕಿದಳು. ಅಂಪೈರ್ ಕುರ್ಚಿಯಿಂದ ಬಗ್ಗಿ ಕೇಳಿದರು. "ಏನಮ್ಮಾ, ಏನಂದೆ?"

'ಸುಮ್ಮನೆ ಅಂದೆ' ಎಂದರೆ ಎದುರಾಳಿಯನ್ನು ಬೇಕೆಂದೇ ಬೆಚ್ಚಿಬೀಳಿಸಿದ ತಪ್ಪಿಗೆ ಪಾಯಿಂಟು ಹೋಗುತ್ತಿತ್ತು. ಎದುರಿಗೆ ಅಪ್ಪ ಕೂತಿದ್ದ. 'ತಾಗಿತು' ಎಂದರೆ ಮಿಲ್ಲಿನ ಲೆಕ್ಕದಲ್ಲಿ ತಿರುಗಿ ಆಡುವುದು; ಆ ಗಾಬರಿಯಲ್ಲಿ ಅವಳಿಗೆ ನೆನಪಾದದ್ದು ಆ ಲೆಕ್ಕವೊಂದೇ. ಅಕ್ಸಾ ಕೈ ಮೇಲೆ ತೋರಿಸಿ, "ಹಗ್ಗಕ್ಕೆ ತಾಗಿತು ಸಾರ್" ಅಂದಳು.

ಅಂಪೈರ್ ಒಂದು ಗಳಿಗೆ ಅವಳನ್ನೇ ನೋಡಿದರು. ಮೇಲೆ ತಾಗಿದರೆ ಪಾಯಿಂಟು ಹೊಡೆದವಳ ಎದುರಾಳಿಗೆ ಎಂಬುದು ಈ ಟೂರ್ನಿಯ ನಿಯಮ. ಅದನ್ನು ಹೇಳಿ ಪಂದ್ಯವನ್ನು ಅಮೃತಳಿಗೆ ಕೊಟ್ಟರು. ಕೊಟ್ಟು, ಯಾರೂ ನೋಡದ ತಪ್ಪನ್ನು ತಾನಾಗಿ ಒಪ್ಪಿಕೊಂಡಳೆಂದು ಕುರ್ಚಿಯಿಂದ ಇಳಿದು ಬಂದು ಅಕ್ಸಾಳ ಕೈ ಕುಲುಕಿದರು. ಗ್ಯಾಲರಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಅಕ್ಸಾಳಿಗೆ, ಈ ಜನ ಯಾಕೆ ತಟ್ಟುತ್ತಿದ್ದಾರೆ ಎಂದು ತಿಳಿಯಲೇ ಸ್ವಲ್ಪ ಹೊತ್ತು ಬೇಕಾಯಿತು.

ಮರುದಿನ ಪೇಪರಿನಲ್ಲಿ ಅವಳ ಫೋಟೋ ಬಂತು. ಗೆದ್ದ ಅಮೃತಳ ಹೆಸರು ಕೊನೆಯ ಸಾಲಿನಲ್ಲಿತ್ತು. ಪಾಷಾ ಆ ಪುಟವನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿ ಬಂದವರಿಗೆಲ್ಲ ತೋರಿಸಿದ. "ಕಪ್ಪು ಯಾರ್ ಬೇಕಾದ್ರೂ ತತ್ತಾರೆ. ನನ್ ಮಗ್ಳು ಈಮಾನ್ ತಂದವ್ಳೆ" ಅಂದ. ಅಕ್ಸಾಳಿಗೆ ಆ ಗೋಡೆಯ ಕಡೆ ತಲೆಯೆತ್ತಿ ನೋಡಲು ಆಗಲಿಲ್ಲ. ಸೋತದ್ದಕ್ಕಿಂತ ಇದು ಹೆಚ್ಚು ಸುಡುತ್ತಿತ್ತು.

ವರ್ತಕರ ಸಂಘದ ಜಯಪ್ರಕಾಶ್ ಸನ್ಮಾನ ಇಟ್ಟುಕೊಂಡರು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. "ಇಷ್ಟು ದಿನ ಮದ್ದೂರು ಅಂದರೆ ವಡೆ ಅನ್ನುತ್ತಿದ್ದರು, ಇನ್ನು ಮೇಲೆ ಪ್ರಾಮಾಣಿಕತೆ ಅನ್ನುತ್ತಾರೆ" ಎಂದು ಜಯಪ್ರಕಾಶ್ ಭಾಷಣ ಬಿಗಿದರು. ಮಾತಾಡಲು ಕರೆದಾಗ ಅಕ್ಸಾ ಮೈಕಿನ ಮುಂದೆ ಬಂದು ನಿಂತಳು. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯುತ್ತಿತ್ತು.

"ಅವತ್ತು ಶಟಲ್ ತಾಗಿರಲಿಲ್ಲ. ನಾನು ಸುಳ್ಳು ಹೇಳಿದೆ" ಅಂದಳು.

ಜಯಪ್ರಕಾಶ್ ಮೈಕ್ ಇಸಿದುಕೊಂಡು, "ನೋಡಿ, ಹೊಗಳಿದರೆ ಹೇಗೆ ಮುದುಡಿಕೊಳ್ಳುತ್ತಾಳೆ. ಎಂಥ ವಿನಯ" ಅಂದರು. ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ಮುಂದಿನ ಸಾಲಿನಲ್ಲಿ ಪಾಷಾ ಕರ್ಚೀಫಿನಿಂದ ಕಣ್ಣೊರೆಸಿಕೊಂಡ. ಹಿಂದಿನ ಸಾಲಿನಲ್ಲಿ ಶ್ವೇತ ಮಾತ್ರ ಕೈ ಕಟ್ಟಿಕೊಂಡು ಕೂತಿದ್ದಳು.

ಹೊರಗೆ ಸ್ಕೂಟರಿನ ಹತ್ತಿರ ಇಬ್ಬರೇ ಸಿಕ್ಕರು.

"ನಿಜ ಏಳುದ್ರೂ ಯಾರೂ ನಂಬ್ನಿಲ್ಲ ಕಣೆ" ಅಂದಳು ಅಕ್ಸಾ.

"ನಾನ್ ನಂಬ್ದೆ. ನಂಗೆ ಗ್ಯಾಲರೀಲೇ ಗೊತ್ತಾಯ್ತು" ಅಂದಳು ಶ್ವೇತ. "ಸೋಲೋವಾಗ್ಲೇ ತಾನೆ ನಿಂಗೆ ತೊಲೆ ಗ್ಯಪ್ತಿ ಬರೋದು. ಮಿಲ್ಲಲ್ಲೂ ಅಂಗೇ ಮಾಡ್ತಿದ್ದೆ."

ಅಕ್ಸಾಳ ಮುಖ ಕೆಂಪಾಯಿತು. "ಮಿಲ್ಲಲ್ಲೂ ಗೊತ್ತಿತ್ತಾ?"

"ಊಂ. ಮೊದ್ಲಿಂದ್ಲೂವೆ."

"ಮತ್ತೆ ಯಾಕೆ ಸುಮ್ಕಿದ್ದೆ?"

ಶ್ವೇತ ಬುಟ್ಟಿಯಿಂದ ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡಳು. "ಆಟ ಬೇಗ ಮುಗುದ್ರೆ ಪಾಷಣ್ಣ ಬಂದು ನಿನ್ನ ಕರ್ಕೊಂಡೋಗೋರು. ನೀನು ತೊಲೆ ಅಂದ್ರೆ ಇನ್ನೊಸಿ ಒತ್ತು ಇರ್ತಿದ್ದೆ. ಅದ್ಕೆ ಬುಟ್ಟೆ."

ಅಕ್ಸಾಳಿಗೆ ಮೊದಲು ಬಂದದ್ದು ಸಿಟ್ಟು. ಬಿದ್ದಲ್ಲಿಂದ ಎದ್ದು ಖಾಲಿ ಮೂಲೆಯ ಶಟಲಿಗೆ ಓಡುವುದನ್ನು ತಾನು ಕಲಿಯದೆ ಹೋದದ್ದು ಈ ಪ್ರೀತಿಯಿಂದಲೇ ಎಂದು ಥಟ್ಟನೆ ಹೊಳೆಯಿತು. ಆಮೇಲೆ ಅಳು ಬಂತು, ಪೇಟ ತೆಗೆದು ಸ್ಕೂಟರಿನ ಹಿಡಿಗೆ ಸಿಕ್ಕಿಸಿ ಅತ್ತಳು. ಶ್ವೇತ ಸಮಾಧಾನ ಮಾಡಲಿಲ್ಲ. "ನಾಳೆ ಬೆಳಿಗ್ಗೆ ಬಾ" ಅಂದಳು.

ಬೆಳಿಗ್ಗೆ ಮಿಲ್ಲಿನಲ್ಲಿ ಕೆಂಪಯ್ಯ ಹಳೆಯ ತಕ್ಕಡಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಆಟ ಶುರುವಾಯಿತು. ಶ್ವೇತ ಯಾವತ್ತೂ ಇಲ್ಲದ ಹಾಗೆ ದಯೆ ಇಲ್ಲದೆ ಆಡಿದಳು. ಅಕ್ಸಾಳನ್ನು ಒಂದು ಮೂಲೆಗೆ ಎಳೆದು ಶಟಲನ್ನು ಇನ್ನೊಂದು ಮೂಲೆಗೆ ಕಳಿಸಿದಳು. ಅಕ್ಸಾ ಅದನ್ನು ಮೇಲಕ್ಕೆತ್ತಿ ಮೊಣಕಾಲೂರಿದಳು. ಶ್ವೇತ ಸ್ಮ್ಯಾಶಿಗೆ ಕೈ ಎತ್ತಿದಳು. ಅಕ್ಸಾಳ ಕಣ್ಣು ತನ್ನಷ್ಟಕ್ಕೆ ತಾನೇ ತೊಲೆಯ ಕಡೆ ಹೋಯಿತು, ಬಾಯಿಯೂ ತೆರೆಯಿತು.

"ಓಡು" ಅಂದಳು ಶ್ವೇತ, ಅಂದು ಹೊಡೆದಳು.

ಅಕ್ಸಾ ಬಾಯಿ ಮುಚ್ಚಿಕೊಂಡು ಎದ್ದು ಓಡಿದಳು. ಸಿಗಲಿಲ್ಲ. ಶಟಲ್ ಸುಣ್ಣದ ಗೆರೆಯೊಳಗೆ ಬಿತ್ತು. ಅವಳು ಅದನ್ನೆತ್ತಿ ನೆಟ್ಟಿನಾಚೆಗೆ ಎಸೆದು, "ನಿಂದೇ ಪಾಯಿಂಟು. ಸರ್ವೀಸ್ ಮಾಡು" ಅಂದಳು.