ಬಳ್ಳಿಯ ಸಾರ

ಆ ಸೋಮವಾರ ಮಹಾರುದ್ರಪ್ಪನವರು ಅಮೃತಬಳ್ಳಿಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕೂತಿದ್ದರು. ಹೈದರಾಬಾದಿನ ಬಸ್ಸು ಎದುರಿಗೇ ನಿಂತಿತ್ತು. ಅಲ್ಲಿಯ ಆಸ್ಪತ್ರೆಯಿಂದ ಹೆಂಡತಿಯ ತಮ್ಮ ಗುರುಶಾಂತನ ಫೋನು ಬಂತು.

"ಮಾವಾರ, ನೀವು ಬರೋದು ಬ್ಯಾಡ್ರಿ. ಅಕ್ಕನ್ನ ನಾವೇ ಕರಕೊಂಡು ಬರ್ತೀವಿ."

ಬಸ್ಸು ಹೋಯಿತು. ಅವರು ಕಟ್ಟು ಹಿಡಿದು ಕೂತೇ ಇದ್ದರು.

ಬಸವಕಲ್ಯಾಣದಲ್ಲಿ ನಾರು-ಬೇರಿನ ಅಂಗಡಿ ಅವರದು. ಹೆಂಡತಿ ಶಕುಂತಲಾಬಾಯಿಯ ಹೊಟ್ಟೆಯಲ್ಲಿ ಗಂಟು ಕಂಡಾಗಿನಿಂದ ದಿನಾ ಕಷಾಯ ಕಾಯಿಸುತ್ತಿದ್ದರು. "ರೋಗಕ್ಕಿಂತ ನಿಮ್ಮ ಕಷಾಯಕ್ಕೇ ನಾ ಹೆಚ್ಚು ಅಂಜತೀನಿ," ಎಂದು ನಗುತ್ತಲೇ ಆಕೆ ಲೋಟ ಬರಿದು ಮಾಡುತ್ತಿದ್ದಳು.

ಹುಮನಾಬಾದಿನ ಗೆಳೆಯ ಕಾಸಿಂನ ಮಗಳು ಶಾಯಿಸ್ತಾ ಹೈದರಾಬಾದಿನ ಪ್ರಯೋಗಾಲಯದಲ್ಲಿ ಗಿಡಮೂಲಿಕೆಗಳ ಸಾರವನ್ನು ಕ್ಯಾನ್ಸರಿನ ಮೇಲೆ ಪರೀಕ್ಷಿಸುತ್ತಿದ್ದಳು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟಿನ ಚೂರನ್ನು ದಂಪತಿಗಳೇ ಸಹಿ ಮಾಡಿ ಅವಳ ಕೆಲಸಕ್ಕೆ ಕೊಟ್ಟಿದ್ದರು. ಯುಗಾದಿಯ ಹೊತ್ತಿಗೆ ಅವಳ ಫೋನು ಬಂದಿತ್ತು: "ಕಾಕಾ, ನಿಮ್ಮ ಬಳ್ಳಿ ಸಾರಕ್ಕ ಮೂರೇ ದಿನದಾಗ ಗಂಟಿನ ಜೀವಕೋಶ ಸತ್ತಾವು. ಆದ್ರ ಇದು ಬರೇ ಗಾಜಿನ ತಟ್ಟೆಯೊಳಗಿನ ಮಾತು. ಆಸ್ಪತ್ರೆ ಬಿಡಬ್ಯಾಡ್ರಿ."

ಅವರು ಮೊದಲಿನ ಅರ್ಧವನ್ನಷ್ಟೇ ಕೇಳಿದರು. ಕಷಾಯ ಎರಡು ಲೋಟವಾಯಿತು. ಆಸ್ಪತ್ರೆಯ ಎರಡು ಇಂಜೆಕ್ಷನ್ ತಪ್ಪಿದವು. ಕೊನೆಗೆ ಗುರುಶಾಂತನೇ ಆಕೆಯನ್ನು ಹೈದರಾಬಾದಿನ ಆಸ್ಪತ್ರೆಗೆ ಸೇರಿಸಿದ.

ಆ ಸೋಮವಾರ ಹೆಣವಾಗಿ ಬಂದ ಶಕುಂತಲಾಬಾಯಿಯನ್ನು ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಹಚ್ಚಿ, ಕೂಡಿಸಿ ಮಣ್ಣು ಮಾಡಿದರು. ಹನ್ನೊಂದನೆಯ ದಿನ ಶಾಯಿಸ್ತಾ ಬಂದಳು. ಅವರು ಕೇಳಿದ್ದು ಒಂದೇ ಮಾತು: "ನನ್ನ ಬಳ್ಳಿ ಕೆಲಸ ಮಾಡಲಿಲ್ಲೇನವಾ?"

ಅವಳು ತಲೆ ತಗ್ಗಿಸಿದಳು. "ತಟ್ಟೆಯೊಳಗ ಗಂಟಿನ ಜೀವಕೋಶ ಒಂಟಿ ಇದ್ದುವು ಕಾಕಾ. ಈ ಸಲ ಗಂಟಿನ ಸುತ್ತ ಮೈಯಾಗ ಇರೋ ಬ್ಯಾರೆ ಜೀವಕೋಶಗಳನ್ನೂ ಕೂಡಿಸಿ, ಜೆಲ್ಲಿಯಂಥದರಾಗ ಸಣ್ಣ ಉಂಡಿ ಮಾಡಿ ಬೆಳೆಸಿದ್ವಿ. ಸುತ್ತಲಿನವು ಗ್ವಾಡಿ ಕಟ್ಟಿಧಂಗ ನಿಂತುವು. ಸಾರ ಒಳಗ ಇಳೀಲೇ ಇಲ್ಲ."

"ಇಂಜೆಕ್ಷನ್ ಹಾಕಿಸಿದ್ರ ಉಳೀತಿದ್ಳೇನು?"

"ಉಳೀತಿದ್ರು ಅಂತ ಹ್ಯಾಂಗ ಹೇಳ್ಲಿ? ಉಳೀತಿರ್ಲಿಲ್ಲ ಅಂತನೂ ಹೇಳಲಾರೆ."

ಮಹಾರುದ್ರಪ್ಪನವರು ಮೂಲೆಯಲ್ಲಿದ್ದ ಬಳ್ಳಿಯ ಕಟ್ಟನ್ನು ದೂರ ಸರಿಸಿದರು.

"ಆ ಉಂಡಿ?"

"ಇನ್ನೂ ಜೀವಂತ ಅದ. ಕೆಲಸ ಮುಗಿದ ಮ್ಯಾಲ ಸುಡತೀವಿ. ನಿಯಮ ಅದ."

"ನಮ್ಮಾಗ ಸುಡೂದಿಲ್ಲ ಯವ್ವಾ, ಮಣ್ಣು ಮಾಡ್ತೀವಿ."

"ಗೊತ್ತದ. ಅದನ್ನ ಕೇಳಾಕಂತನೇ ಬಂದೇನಿ. ಬ್ಯಾಡಂದ್ರ ಕೆಲಸ ನಾಳೇನೇ ನಿಲ್ಲಿಸ್ತೀನಿ. ಆದ್ರ ನಿಲ್ಲಿಸಿದ್ರೂ ಸುಡಲೇಬೇಕು."

ಅವರು ಒಳಗೆ ಹೋಗಿ ವಿಭೂತಿಯ ಗಟ್ಟಿಯೊಂದನ್ನು ತಂದು ಕಾಗದದಲ್ಲಿ ಕಟ್ಟಿದರು. "ನಿಲ್ಲಿಸಬ್ಯಾಡ. ಆ ಗ್ವಾಡಿ ಹ್ಯಾಂಗ ದಾಟೋದು ನೋಡ್ರಿ. ದಾಟದಿದ್ರ ದಾಟಲಿಲ್ಲ ಅಂತ ಸ್ಪಷ್ಟ ಬರೀರಿ. ನನ್ನಂಗ ಯಾರೂ ಅರ್ಧ ಕೇಳಿ ಕೂಡಬಾರದು. ಸುಡೂ ದಿನ ಇದು ನಿನ್ನ ಕೈಯಾಗಿರಲಿ, ಒಂದು ಫೋನ್ ಮಾಡು."

ಶಾಯಿಸ್ತಾ ಎರಡೂ ಕೈ ಚಾಚಿ ಪೊಟ್ಟಣ ತೆಗೆದುಕೊಂಡಳು. "ನಾನೂ ದುವಾ ಮಾಡ್ತೀನಿ ಕಾಕಾ."

ಅವಳು ಹೋದ ಮೇಲೆ ಮಹಾರುದ್ರಪ್ಪನವರು ಅಂಗೈಯಲ್ಲಿ ಲಿಂಗ ಹಿಡಿದು ಕೂತರು. ಬಸವ ತಂದೆಯೇ, ಮಣ್ಣಿಗೆ ಕೊಟ್ಟದ್ದೂ ನಿನ್ನದೇ, ಬೆಂಕಿಗೆ ಹೋಗುವುದೂ ನಿನ್ನದೇ. ನನ್ನ ತಪ್ಪು ಅವಳ ದಾರಿಗೆ ಅಡ್ಡ ಬಾರದಿರಲಿ. ಕಹಿ ಬಹಳ ಕುಡಿದಿದ್ದಾಳೆ. ಇನ್ನು ಅವಳಿಗೆ ಶಾಂತಿ ಕೊಡು.