ಹನ್ನೆರಡನೇ ನಿದ್ದೆ ಹಾಳೆ

ಆಸ್ಪತ್ರೆಯಲ್ಲಿ ಅವರಿಗೆ ನಿದ್ದೆ ಮೇಡಂ ಅಂತಲೇ ಹೆಸರು. ಇಪ್ಪತ್ತೆರಡು ವರ್ಷದ ಹಿಂದೆ, ಮಾತ್ರೆ ಕೊಡದೆ ಬರೀ ಅಭ್ಯಾಸ ತಿದ್ದಿ ನಿದ್ದೆ ಬರಿಸುತ್ತೇನೆ ಎಂದು ಅವರು ಬಂದಾಗ ಸಿಕ್ಕಿದ್ದು ಮುರುಕಲು ಗಾಲಿಕುರ್ಚಿಗಳನ್ನು ಪೇರಿಸಿಟ್ಟಿದ್ದ ಉಗ್ರಾಣ. ಉಳಿದ ಡಾಕ್ಟರುಗಳಿಗೆ ನಗುವೋ ನಗು. "ಜೋಗುಳ ಹಾಡ್ತೀರೇನ್ರೀ?" ಎಂದು ಕಾಲೆಳೆದವರೇ ಆಮೇಲೆ ನಿದ್ದೆಗೆಟ್ಟು, ಕಣ್ಣು ಊದಿಸಿಕೊಂಡು, ಯಾರಿಗೂ ಹೇಳಬೇಡಿ ಎನ್ನುತ್ತ ಬಂದರು. ಈಗ ಇಡೀ ಮೂರನೇ ಮಹಡಿ ಅವರದೇ ವಿಭಾಗ. ಸರದಿಗೆ ನಾಲ್ಕು ತಿಂಗಳು ಕಾಯಬೇಕು.

ಔಷಧ ಎಂದರೆ ಒಂದು ಹಾಳೆ. ಹಾಸಿಗೆಗೆ ಹೋದದ್ದು ಎಷ್ಟು ಹೊತ್ತಿಗೆ, ನಿದ್ದೆ ಹತ್ತಿದ್ದು ಯಾವಾಗ, ಎದ್ದದ್ದು ಯಾವಾಗ ಎಂದು ಏಳು ದಿನ ಬರೆದು ತರಬೇಕು. ಹೊರಗಿನ ಬೆಂಚಿನ ಮೇಲೆ ಕೂತು ವಾರದ್ದನ್ನೆಲ್ಲ ಒಂದೇ ಉಸಿರಿಗೆ ಗೀಚಿ ತಂದವರು ಮೇಡಂ ಕಣ್ಣು ತಪ್ಪಿಸಿದ್ದೇ ಇಲ್ಲ.

ತಿಂಗಳ ಕೊನೆಗೆ ಅವರ ನಿವೃತ್ತಿ. ಆ ಕುರ್ಚಿಯಲ್ಲಿ, ಆರು ವರ್ಷದಿಂದ ಜೊತೆಗಿದ್ದ ಶಿಷ್ಯೆ ಕೂರಬೇಕೆಂಬುದೊಂದೇ ಅವರ ಆಸೆ. ಅಷ್ಟರಲ್ಲಿ ಫೋನಿನಲ್ಲೇ ಹಾಳೆ ಓದಿ ಸಲಹೆ ಕೊಡುವ ಹೊಸ ಪ್ರೋಗ್ರಾಂ ಬಂತು.

"ಒಂದೇ ಸಲಕ್ಕೆ ಸಾವಿರ ಜನರನ್ನ ನೋಡುತ್ತೆ ಮೇಡಂ," ಎಂದರು ದೊಡ್ಡ ಡಾಕ್ಟರು. "ಇನ್ನು ಆ ಕುರ್ಚಿ ಯಾಕೆ?"

"ಅದು ಬರೆದಿದ್ದನ್ನ ಓದುತ್ತೆ ಸರ್. ಬರೆಯದೇ ಇದ್ದಿದ್ದನ್ನ ಯಾರು ಓದ್ತಾರೆ?"

ವಾದ ಮಾಡಿ ಮಾಡಿ ಗಂಟಲು ಒಣಗಿದ ಮೇಲೆ ಒಂದು ರಾಜಿಯಾಯಿತು. ಹೆಸರಿಲ್ಲದ ಹನ್ನೆರಡು ಹಾಳೆಗಳನ್ನು ಮೇಡಂ ಒದಗಿಸಬೇಕು. ಪ್ರೋಗ್ರಾಮೂ ಓದಲಿ, ಶಿಷ್ಯೆಯೂ ಓದಲಿ. ಅದಕ್ಕೆ ಕಾಣದ್ದು ಇವಳಿಗೆ ಕಂಡರೆ ಕುರ್ಚಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಹನ್ನೊಂದು ಬಂದವು. ಹನ್ನೆರಡನೆಯವನು ಕೊನೇ ಗಳಿಗೆಯಲ್ಲಿ ಕೈಕೊಟ್ಟ. ಚೆನ್ನಾಗಿ ನಿದ್ದೆ ಮಾಡುವವರದೂ ಒಂದು ಇರಲಿ ಎಂದುಕೊಂಡು ಮೇಡಂ ತಾವೇ ಹಾಳೆ ತುಂಬಿಸಲು ಕೂತರು. ರೋಗಿಗಳಿಗೆ ಬೈಯುತ್ತಿದ್ದ ಕಳ್ಳತನವನ್ನೇ ಮಾಡಿದರು ಅನ್ನಿ. ಕಳ್ಳರನ್ನು ಹಿಡಿದು ಹಿಡಿದು ಪಳಗಿದ ಕೈ, ದಿನಕ್ಕೊಂದು ಪೆನ್ನು ಬದಲಿಸಿತು, ಅಕ್ಷರವನ್ನು ಓರೆ ಮಾಡಿತು. ಹತ್ತೂವರೆಗೆ ನಿದ್ದೆ, ಆರಕ್ಕೆ ಎಚ್ಚರ. ಮಾರನೇ ದಿನ ಹತ್ತೂಮುಕ್ಕಾಲು, ಆರೂಕಾಲು. ಬರೆಯುತ್ತ ಬರೆಯುತ್ತ ಅವರಿಗೇ ಹೊಟ್ಟೆಕಿಚ್ಚಾಯಿತು.

ಅಷ್ಟರಲ್ಲಿ ತಂಗಿಯ ಫೋನು. "ಅಕ್ಕಾ, ನಿದ್ದೆ ಮಾಡ್ತಿದೀಯಾ?" ಮೇಡಂ ಗಂಡ ತೀರಿಹೋದಾಗಿನಿಂದ ವಾರವಾರವೂ ಇದೇ ಪ್ರಶ್ನೆ.

"ನನಗೇನು ಧಾಡಿ ಕಣೇ, ಗಡದ್ದಾಗಿ ನಿದ್ದೆ ಹೊಡೀತೀನಿ," ಎಂದು ಹೇಳಿ ಇಟ್ಟುಬಿಟ್ಟರು. ಊರಿಗೆಲ್ಲ ನಿದ್ದೆ ಹಂಚುವವಳು ತನಗೇ ಇಲ್ಲವೆಂದು ಯಾರ ಬಳಿ ಹೇಳಿಕೊಳ್ಳಬೇಕು? ಕೇಳುವ ಒಬ್ಬರಿದ್ದರು, ಈಗಿಲ್ಲ.

ಸೋಮವಾರ ಬೆಳಿಗ್ಗೆ ಮೇಡಂ ಕೋಣೆಯಲ್ಲೇ ಪರೀಕ್ಷೆ ನಡೆಯಿತು. ಹನ್ನೊಂದು ಹಾಳೆಗಳಲ್ಲಿ ಎರಡೂ ಕಡೆ ಒಂದೇ ಉತ್ತರ. ದೊಡ್ಡ ಡಾಕ್ಟರು ಗಡಿಯಾರ ನೋಡತೊಡಗಿದರು. ಮೇಡಂ ಕೊನೇ ಹಾಳೆಯತ್ತ ನೋಡಿದರು. ಉಳಿದದ್ದು ತಮ್ಮದೇ ಹಾಳೆ, ಅದರಲ್ಲಿ ಕಂಡುಹಿಡಿಯಲು ಏನಿದೆ? ಪ್ರೋಗ್ರಾಂ ಆಗಲೇ ತೆರೆಯ ಮೇಲೆ ಬರೆದಿತ್ತು: ಅಭಿನಂದನೆಗಳು, ನಿಮ್ಮದು ಮಾದರಿ ನಿದ್ದೆ.

ಶಿಷ್ಯೆ ಮಾತ್ರ ಹಾಳೆ ಕೆಳಗಿಡಲಿಲ್ಲ.

"ಇವರು ನಿದ್ದೆನೇ ಮಾಡ್ತಿಲ್ಲ ಸರ್. ನೋಡಿ, ಹಾಸಿಗೆಗೆ ಹೋದ ಹೊತ್ತು ಅನ್ನೋ ಜಾಗ ಏಳು ದಿನಾನೂ ಖಾಲಿ. ಮಲಗಿದ ತಕ್ಷಣ ನಿದ್ದೆ ಬಂತು ಅಂತ ಪ್ರೋಗ್ರಾಂ ಲೆಕ್ಕ ಹಾಕಿದೆ. ಒಂದು ದಿನ ಮರೀಬಹುದು. ಏಳೂ ದಿನ ಮರೆತಿದಾರೆ ಅಂದ್ರೆ, ಇವರು ಹಾಸಿಗೆ ಕಡೆಗೇ ಹೋಗ್ತಿಲ್ಲ."

ದೊಡ್ಡ ಡಾಕ್ಟರು ಹಾಳೆ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. "ಆಯ್ತಮ್ಮ, ಕುರ್ಚಿ ಇರಲಿ. ನೀನೇ ಕೂತ್ಕೋ," ಎಂದು ನಕ್ಕು ಹೊರಟುಹೋದರು.

ಗೆದ್ದದ್ದಕ್ಕೆ ಮೇಡಂ ಕುಣಿಯಬೇಕಿತ್ತು. ಆದರೆ ಅವರ ಕಣ್ಣು ಹಾಳೆಯ ಆ ಖಾಲಿ ಜಾಗದ ಮೇಲೇ ಇತ್ತು. ಆ ಜಾಗವನ್ನು ಬೇಕೆಂದು ಬಿಟ್ಟಿರಲಿಲ್ಲ. ಸುಳ್ಳು ಬರೆಯಲೂ ನೆನಪಾಗಿರಲಿಲ್ಲ, ಅಷ್ಟೆ. ಹದಿನಾಲ್ಕು ತಿಂಗಳಿಂದ ಅವರು ಮನೆಯ ಮುಂದಿನ ಕೋಣೆಯ ಒರಗುಕುರ್ಚಿಯಲ್ಲೇ ಬೆಳಗು ಮಾಡುತ್ತಿದ್ದರು.

ಶಿಷ್ಯೆ ಬಾಗಿಲು ಮುಚ್ಚಿದಳು. ಈ ಹಾಳೆ ಯಾರದು ಎಂದು ಕೇಳಲಿಲ್ಲ; ಆರು ವರ್ಷ ಓದಿದ ಅಕ್ಷರ, ಓರೆ ಮಾಡಿದರೂ ಗುರುತು ಸಿಗುತ್ತದೆ. ಮೇಜು ಬಳಸಿ ಹೋಗಿ, ಇದುವರೆಗೆ ಮುಟ್ಟಿಯೂ ನೋಡದಿದ್ದ ಆ ಕುರ್ಚಿಯಲ್ಲಿ ಕೂತಳು. ಮೇಡಂ ಎದುರಿಗೆ, ರೋಗಿಗಳು ಕೂರುವ ಜಾಗದಲ್ಲಿ ಕೂತರು. ಮೊದಲ ದಿನ ನಿದ್ದೆಯ ಮಾತೆತ್ತಬೇಡ, ಮಂಚದ ಬಗ್ಗೆ ಕೇಳು ಎಂದು ಅವಳಿಗೆ ಕಲಿಸಿದ್ದು ಅವರೇ.

"ಮೇಡಂ," ಎಂದಳು ಅವಳು ಮೆಲ್ಲಗೆ, "ಮಂಚದಲ್ಲಿ ನೀವು ಯಾವ ಕಡೆ ಮಲಗ್ತೀರಿ?"

"ಗೋಡೆ ಕಡೆ," ಎಂದರು ಮೇಡಂ. ಮೇಜಿನ ಅಂಚನ್ನು ಸವರುತ್ತ ಹೇಳಿದರು, "ಈಚೆ ಕಡೆ ಅವರು ಮಲಗಿರ್ತಾರಲ್ಲ."