ಅಜ್ಜಿಯ ಕರಡಿಗೆ

ಅಳಿಯನ ಎರಡನೇ ಮದುವೆಗೆ ಹೋಗಿ, ಹೊಸ ಹೆಂಡತಿಗೆ ಮಡಿಲು ತುಂಬಿ ಬಂದವಳು ನಾನು. ನಮ್ಮ ಕಡೆ ಹಾಗೇ ನಡೆಯುತ್ತದೆ. ಮೊದಲ ಹೆಂಡತಿಯ ತವರೇ ಎರಡನೆಯವಳಿಗೂ ತವರು. ಸತ್ತ ಮಗಳ ಜಾಗಕ್ಕೆ ಬಂದವಳನ್ನು ಮಗಳು ಎಂದೇ ಕರೆಯಬೇಕು, ಸೀರೆ ಕೊಡಬೇಕು. ಕೊಟ್ಟೆ. ಹಸಿರು ರೇಷ್ಮೆ ಸೀರೆಯನ್ನೇ ಕೊಟ್ಟೆ. ಹಲ್ಲು ಕಚ್ಚಿಕೊಂಡು ಕೊಟ್ಟೆ ಎನ್ನುವುದು ಮಾತ್ರ ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡೆ.

ನನ್ನ ಮಗಳು ನಂದಿತಾ ಹೋದ ವರ್ಷ ಆಷಾಢದಲ್ಲಿ ಡೆಂಗಿ ಜ್ವರ ಬಂದು ಐದೇ ದಿನಕ್ಕೆ ತೀರಿಕೊಂಡಳು. ಅವಳ ಮಗಳು ಕಪಿಲಾಗೆ ಆಗ ಮೂರು ವರ್ಷ. ಅಂದಿನಿಂದ ಮಗು ಹುಲ್ಲಹಳ್ಳಿಯಲ್ಲಿ ನನ್ನ ಮಗ್ಗುಲಲ್ಲೇ ಮಲಗಿ ಬೆಳೆಯಿತು. ಅಳಿಯ ನಂಜುಂಡೇಶನದು ತಿ. ನರಸೀಪುರದಲ್ಲಿ ಹಾರ್ಡ್‌ವೇರ್ ಅಂಗಡಿ. ಪ್ರತಿ ಭಾನುವಾರ ಬಂದು ಮಗುವನ್ನು ನೋಡಿಕೊಂಡು ಹೋಗುತ್ತಿದ್ದ. ಒಳ್ಳೆಯ ಹುಡುಗ, ಅವನ ಮೇಲೆ ನನ್ನ ದೂರಿಲ್ಲ. ವರ್ಷದೊಳಗೆ ಮದುವೆ ಆಗದಿದ್ದರೆ ಇನ್ನು ಮೂರು ವರ್ಷ ಕಾಯಬೇಕು ಎಂದು ಹಿರಿಯರು ಕೂತು ಮಾತಾಡಿ ಚಿಕ್ಕಯ್ಯನಛತ್ರದ ಪವಿತ್ರಳನ್ನು ಗೊತ್ತು ಮಾಡಿದರು. "ಮಗೂಗೆ ಒಬ್ಬಳು ತಾಯಿ ಬ್ಯಾಡ್ವಾ ಟೀಚರಮ್ಮ?" ಎಂದು ನನ್ನನ್ನೇ ಕೇಳಿದರು. ಮೂವತ್ತೊಂದು ವರ್ಷ ಒಂದನೇ ಕ್ಲಾಸಿನ ಮಕ್ಕಳ ಮೂಗು ಒರೆಸಿ ರಿಟೈರಾದವಳಿಗೆ, ಮಕ್ಕಳಿಗೆ ಏನು ಬೇಕು ಎಂದು ಊರವರು ಪಾಠ ಹೇಳಿಕೊಟ್ಟರು!

ಮದುವೆಯಾಗಿ ತಿಂಗಳಿಗೆ ನಂಜುಂಡೇಶ ಫೋನ್ ಮಾಡಿದ. "ಅತ್ತೆ, ಮಗೂನ ಕರ್ಕೊಂಡು ಬನ್ನಿ. ಎಂಟು ದಿನ ನೀವೂ ಇಲ್ಲೇ ಇರಿ. ರಾತ್ರಿ ಪವಿತ್ರನ ಜೊತೆ ಮಲಗೋದು ರೂಢಿ ಆದ್ರೆ ಸರಿ. ಆಗದೇ ಹೋದ್ರೆ ನಾನು ಬಲವಂತ ಮಾಡಲ್ಲ, ಸ್ಕೂಲಿಗೆ ಸೇರೋವರ್ಗೂ ನಿಮ್ಮ ಹತ್ರನೇ ಇರ್ಲಿ."

ಆಗದೇ ಹೋದರೆ. ಆ ಎರಡು ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟವು.

ಯಾಕೆಂದರೆ ಕಪಿಲಾಳ ನಿದ್ದೆಯ ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು. ನಮ್ಮ ಮನೆಯ ಹೆಂಗಸರೆಲ್ಲ ಕೊರಳಲ್ಲಿ ಲಿಂಗ ಧರಿಸುತ್ತೇವೆ. ಲಿಂಗ ಇರುವ ಪುಟ್ಟ ಬೆಳ್ಳಿಯ ಭರಣಿಗೆ ಕರಡಿಗೆ ಎನ್ನುತ್ತೇವೆ. ದಾರದಲ್ಲಿ ಎದೆಯ ಮೇಲೆ ತೂಗುತ್ತಿರುತ್ತದೆ. ನಂದಿತಾ ಮಗುವಿಗೆ ಹಾಲು ಕೊಡುವಾಗ ಮಗು ಅವಳ ಕರಡಿಗೆಯನ್ನು ಹಿಡಿದು ಉಗುರಿನಿಂದ ಟಿಕ್ ಟಿಕ್ ಎಂದು ಕುಟ್ಟುತ್ತಿತ್ತು. ಕುಟ್ಟುತ್ತ ಕುಟ್ಟುತ್ತ ಸದ್ದು ನಿಧಾನವಾಗಿ ನಿಂತು, ಮಗು ನಿದ್ದೆ ಹೋಗುತ್ತಿತ್ತು. ನಂದಿತಾ ತೀರಿಕೊಂಡಾಗ ಪದ್ಧತಿಯಂತೆ ಅವಳ ಲಿಂಗವನ್ನು ಅಂಗೈಯಲ್ಲಿಟ್ಟು ಮಣ್ಣು ಮಾಡಿದೆವು. ಕರಡಿಗೆಯನ್ನು ಮಠಕ್ಕೆ ಒಪ್ಪಿಸಿದೆವು. ಮಗುವಿನ ನಿದ್ದೆಯೂ ಅದರ ಜೊತೆ ಹೋಗುತ್ತದೆ ಎಂದು ಆ ಗಲಾಟೆಯಲ್ಲಿ ಯಾರಿಗೆ ಹೊಳೆಯಬೇಕು? ಆಮೇಲೆ ನಾಲ್ಕು ರಾತ್ರಿ ಅತ್ತು ಅತ್ತು, ಐದನೆಯ ರಾತ್ರಿ ಮಗುವಿನ ಕೈ ಕತ್ತಲಲ್ಲಿ ತಡಕಾಡಿ ನನ್ನ ಕರಡಿಗೆಯನ್ನು ಹುಡುಕಿಕೊಂಡಿತು. ಅವತ್ತು ನಾನೂ ಮೊದಲ ಸಲ ನಿದ್ದೆ ಮಾಡಿದೆ.

ಈಗ ನಾನು ಮಾಡಿದ ಕೆಲಸ ಕೇಳಿ. ನಂಜನಗೂಡು ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ಹತ್ತಿ ಕೂತ ಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿವಿಯಲ್ಲಿ ಹೇಳಿದೆ: "ಚಿಕ್ಕಮ್ಮನ ಹತ್ರ ಕರಡಿಗೆ ಸುದ್ದಿ ಎತ್ತಬಾರದು ಕಣವ್ವ. ಅದು ನಮ್ಮಿಬ್ರ ಗುಟ್ಟು. ಬಾಯಿ ಬಿಟ್ರೆ ಕರಡಿಗೆಯೊಳಗಿರೋ ಸ್ವಾಮಿ ಮುನಿಸ್ಕೊಂಡು ಹೊರಟೋಯ್ತಾನೆ."

"ಅಮ್ಮನ ಸ್ವಾಮಿ ಹೋದಂಗಾ?" ಎಂದಿತು ಮಗು.

"ಹೂಂ, ಹಂಗೇ."

ಬಾಯಿಗೆ ಬಂದುಬಿಟ್ಟಿತು. ನಾಲ್ಕು ವರ್ಷದ ಮಗು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿತು. ನಾನು ನಕ್ಕು ಅದರ ನೆತ್ತಿಗೆ ಮುತ್ತು ಕೊಟ್ಟೆ.

ಪವಿತ್ರಳಿಗೆ ಮೂವತ್ತು ದಾಟಿದೆ. ಮೆತ್ತಗಿನ ಹೆಂಗಸು, ಮಾತು ಕಡಿಮೆ. ಬಾಗಿಲಲ್ಲೇ ನನ್ನ ಕಾಲು ಮುಟ್ಟಿ "ಬನ್ನಿ ಅಮ್ಮ" ಎಂದಳು. ಅಮ್ಮ ಎಂದಾಗ ನನಗೆ ಮೈ ಉರಿಯಿತು. ಮಗುವಿಗೆಂದು ಹೊಸ ದಿಂಬು ಹೊಲಿದಿಟ್ಟಿದ್ದಳು, ಅದರ ಮೇಲೆ ಎರಡು ಗಿಳಿ. ಗಿಳಿಯ ಕೊಕ್ಕು ಸೊಟ್ಟಗಿದೆ ಎಂದೆ. ಹೌದಮ್ಮ, ಕಸೂತಿ ನನಗೆ ಅಷ್ಟು ಬರುವುದಿಲ್ಲ ಎಂದು ಅವಳೇ ನಕ್ಕಳು.

ಮೊದಲ ರಾತ್ರಿ ಎಂಟೂವರೆಗೆ ಮಗುವನ್ನು ರೂಮಿಗೆ ಕರೆದುಕೊಂಡು ಹೋದಳು. ನಾನು ನಡುಮನೆಯಲ್ಲಿ ಚಾಪೆ ಹಾಸಿಕೊಂಡೆ. ನಂಜುಂಡೇಶ ಮಹಡಿಯ ಮೇಲೆ. ಒಳಗೆ ಪವಿತ್ರ ಬೆನ್ನು ತಟ್ಟಿದಳು, ಹಾಲು ಕುಡಿಸಿದಳು, ಶ್ರುತಿಯಿಲ್ಲದ ದನಿಯಲ್ಲಿ ಯಾವುದೋ ಲಾಲಿ ಹೇಳಿದಳು. ಮಗು ಅಳುತ್ತಲೇ ಇತ್ತು. ನಾನು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೇಳಿಸಿಕೊಳ್ಳುತ್ತ ಮಲಗಿದ್ದೆ. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಗುತ್ತಿತ್ತು. ಹತ್ತು ಗಂಟೆಗೆ ಸೋತು ಮಗುವನ್ನು ತಂದು ನನ್ನ ಪಕ್ಕ ಮಲಗಿಸಿದಳು. ಸೆರಗಿನ ಮರೆಯಲ್ಲಿ ಟಿಕ್ ಟಿಕ್. ಹತ್ತು ನಿಮಿಷಕ್ಕೆ ನಿದ್ದೆ.

ಬೆಳಿಗ್ಗೆ ಪವಿತ್ರ ಕಾಫಿ ತಂದು ಎದುರು ಕೂತಳು. "ನೀವು ಏನ್ ಮಾಡ್ತೀರಿ ಅಮ್ಮ? ನಂಗೂ ಹೇಳ್ಕೊಡಿ."

"ಏನಿಲ್ಲ ಕಣವ್ವ. ಬೆನ್ನು ತಟ್ತೀನಿ, ಕತೆ ಹೇಳ್ತೀನಿ. ಮಕ್ಕಳಿಗೆ ತಮ್ಮೋರು ಯಾರು ಅಂತ ಗೊತ್ತಾಯ್ತದೆ."

ಆ ಕೊನೆಯ ಮಾತನ್ನು ಬೇಕೆಂದೇ ಸೇರಿಸಿದೆ. ಅವಳು ತಲೆ ತಗ್ಗಿಸಿ ಲೋಟ ಎತ್ತಿಕೊಂಡು ಹೋದಳು.

ಎರಡನೆಯ ರಾತ್ರಿ ಕತೆ ಹೇಳಿದಳು. ಮೂರನೆಯ ರಾತ್ರಿ ಅಂಗಳದಲ್ಲಿ ಎತ್ತಿಕೊಂಡು ಓಡಾಡಿದಳು. ನಾಲ್ಕನೆಯ ದಿನಕ್ಕೆ ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಮಗುವಿನ ದನಿ ಒಡೆದಿತ್ತು. ಅವತ್ತು ಸೊಪ್ಪು ಬಿಡಿಸುತ್ತ ಅವಳು ಅಂದಳು: "ಅಮ್ಮ, ಮಲಗಿದಾಗ ಅದು ನನ್ನ ಕುತ್ತಿಗೆ ಹತ್ರ ಏನೋ ಹುಡುಕ್ತದೆ. ತಾಳಿ ಸಿಕ್ರೆ ಕೈ ಹಿಂದಕ್ಕೆ ತಗೋತದೆ. ಏನು ಬೇಕವ್ವ ಅಂದ್ರೆ ಎರಡು ಕೈನಲ್ಲೂ ಬಾಯಿ ಮುಚ್ಕೋತದೆ. ಯಾಕಮ್ಮ ಹಂಗ್ ಮಾಡ್ತದೆ?"

"ಮಕ್ಕಳ ಚೇಷ್ಟೆ" ಎಂದೆ. ಎದೆಯಲ್ಲಿ ಮುಳ್ಳು ಆಡಿದ ಹಾಗಾಯಿತು. ಆದರೂ ಇನ್ನು ನಾಲ್ಕೇ ದಿನ, ಆಮೇಲೆ ಮಗು ನನ್ನದು ಎಂದು ಲೆಕ್ಕ ಹಾಕಿದೆ. ಎಂಥ ಕೆಟ್ಟ ಮುದುಕಿ ನಾನು!

ಐದನೆಯ ರಾತ್ರಿ ಮಗು ಅಳುತ್ತ ಅಳುತ್ತ ಒಮ್ಮೆಲೇ ಕೆಮ್ಮತೊಡಗಿತು. "ಅಮ್ಮಾ, ಬನ್ನಿ!" ಎಂದು ಪವಿತ್ರ ಕೂಗಿದಳು. ಓಡಿಹೋಗಿ ನೋಡಿದರೆ ಕಪಿಲಾ ಹಾಸಿಗೆಯ ಮೇಲೆ ಕೂತು ವಾಂತಿ ಮಾಡುತ್ತಿದೆ. ಎರಡೂ ಕೈ ಮಾತ್ರ ಬಾಯಿಯ ಮೇಲೇ ಇವೆ. ಕುಡಿದ ಹಾಲು ಬೆರಳ ಸಂದಿಯಿಂದ ಇಳಿಯುತ್ತಿದೆ, ಉಸಿರು ಕಟ್ಟುತ್ತಿದೆ, ಕೈ ತೆಗೆಯಲೊಲ್ಲದು. ಪವಿತ್ರ ಕೈ ಬಿಡಿಸಲು ಹೋದರೆ ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತಿದೆ. ನನ್ನನ್ನು ನೋಡಿ ಆ ಕಣ್ಣು ಹೇಳಿದ್ದು ಒಂದೇ: ನಾನು ಹೇಳಲಿಲ್ಲ ಅಜ್ಜಿ.

"ತೆಗಿಯವ್ವ, ಕೈ ತೆಗಿ. ಹೇಳ್ಬಹುದು. ಸ್ವಾಮಿ ಎಲ್ಲೂ ಹೋಗಲ್ಲ. ನಾನು ಸುಳ್ಳು ಹೇಳ್ದೆ ಕಣವ್ವ, ನಾನು ಸುಳ್ಳು ಹೇಳ್ದೆ." ನಾನೇ ಆ ಕೈಗಳನ್ನು ಬಿಡಿಸಿ ಬೆನ್ನು ಸವರಿದೆ. ಹಿಂದೆ ಎಂದೂ ಯಾರ ಎದುರೂ ಹಾಗೆ ಅತ್ತವಳಲ್ಲ ನಾನು.

ಮಗುವಿನ ಮೈ ತೊಳೆದು ಬೇರೆ ಬಟ್ಟೆ ಹಾಕಿದ ಮೇಲೆ ಪವಿತ್ರಳಿಗೆ ಎಲ್ಲವನ್ನೂ ಹೇಳಿದೆ. ಕರಡಿಗೆ, ಬಸ್ಸು, ಸ್ವಾಮಿಯ ಮುನಿಸು, ಎಲ್ಲ. ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಹಾಸಿಗೆ ಬಟ್ಟೆ ಮಡಚಿಟ್ಟಳು. ಆಮೇಲೆ, "ಮಗಳನ್ನ ಕಳ್ಕೊಂಡಿರೋರು ನೀವು. ನಾನು ಏನಂತ ಹೇಳ್ಲಿ ಅಮ್ಮ" ಎಂದಳು. ಮಗುವಿನ ತಲೆ ಸವರಿ, "ಆದ್ರೆ ಇವಳಿಗೆ ಹಂಗೆ ಮಾಡಬಾರದಿತ್ತು" ಎಂದಳು.

ಸರಿಯಾದ ಮಾತು. ತಲೆ ಎತ್ತಿ ಅವಳ ಮುಖ ನೋಡಲು ಆಗಲಿಲ್ಲ.

ಅವಳ ಕೊರಳಲ್ಲಿ ಲಿಂಗವಿರಲಿಲ್ಲ. ಚಿಕ್ಕಂದಿನಲ್ಲಿ ಕಟ್ಟಿದ್ದರಂತೆ, ಆಮೇಲೆ ಬಿಟ್ಟುಹೋಯಿತಂತೆ. ನನ್ನ ಲಿಂಗವನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಅದು ನನ್ನ ಜೊತೆಗೇ ಮಣ್ಣಿಗೆ ಹೋಗಬೇಕು. ದೇವರ ಮುಂದೆ ಕೂತು ಕರಡಿಗೆ ತೆರೆದೆ. ಲಿಂಗವನ್ನು ತೆಗೆದು ಬಿಳಿ ವಸ್ತ್ರದಲ್ಲಿ ಸುತ್ತಿ, ಹೊಸ ದಾರದಲ್ಲಿ ನನ್ನ ಕೊರಳಿಗೆ ಕಟ್ಟಿಕೊಂಡೆ. ನಲವತ್ತೆರಡು ವರ್ಷ ನನ್ನ ಎದೆಯ ಮೇಲಿದ್ದ ಬರಿಯ ಬೆಳ್ಳಿ ಕರಡಿಗೆಯನ್ನು ಪವಿತ್ರಳ ಕೊರಳಿಗೆ ಹಾಕಿದೆ. ಹಾಕುವಾಗ ಅವಳ ಕುತ್ತಿಗೆ ಬಿಸಿಯಾಗಿತ್ತು, ಅವಳೂ ಅಳುತ್ತಿದ್ದಳು.

"ಅಜ್ಜಿ, ಇದು ನಿಂದು" ಎಂದಿತು ಮಗು.

"ಇನ್ನು ಮೇಲೆ ಚಿಕ್ಕಮ್ಮಂದು. ಹೋಗಿ ಮಲಗವ್ವ."

ನಾನು ನಡುಮನೆಗೆ ಬಂದು ದೀಪ ಆರಿಸಿದೆ. ಒಳಗಿನಿಂದ ಸದ್ದು ಕೇಳಿಸಿತು. ಟಿಕ್ ಟಿಕ್. ಬರಿದಾದದ್ದಕ್ಕೋ ಏನೋ, ಸದ್ದು ಮೊದಲಿಗಿಂತ ಜೋರಾಗಿತ್ತು. ಅದು ನಿಲ್ಲಬಾರದು ಎಂದು ಒಂದು ಮನಸ್ಸು, ನಿಲ್ಲಲಿ ಎಂದು ಇನ್ನೊಂದು. ಸ್ವಲ್ಪ ಹೊತ್ತಿಗೆ ನಿಂತಿತು. ನನ್ನ ಪಕ್ಕದ ಚಾಪೆ ಖಾಲಿಯೇ ಉಳಿಯಿತು.

ಎಂಟು ದಿನ ತುಂಬಿದ ಮೇಲೆ ಒಬ್ಬಳೇ ಹುಲ್ಲಹಳ್ಳಿಗೆ ಬಂದೆ. ಮಗ ಅಮೃತೇಶ್, ಸೊಸೆ, ಅವರ ಮಕ್ಕಳು, ಮನೆ ತುಂಬಾ ಜನ. ಆದರೂ ದಿನಾ ರಾತ್ರಿ ಒಂಬತ್ತಕ್ಕೆ ಫೋನು ಹಿಡಿದು ಕೂರುತ್ತಿದ್ದೆ. "ಮಲಗಿದ್ಲಾ?" "ಮಲಗಿದ್ಲು ಅಮ್ಮ." ಅಷ್ಟೇ ಮಾತು. ಕರಡಿಗೆಯಾದರೂ ಮಗುವಿನ ಕೈಯಲ್ಲಿದೆ, ಅದನ್ನು ಮುಟ್ಟಿದಾಗಲೆಲ್ಲ ಅಜ್ಜಿ ನೆನಪಾಗುತ್ತಾಳೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಒಂದೂವರೆ ತಿಂಗಳಾಗಿರಬೇಕು. ಒಂದು ಸಂಜೆ ಪವಿತ್ರಳೇ ಫೋನ್ ಮಾಡಿ ಖುಷಿಯಿಂದ ಹೇಳಿದಳು: "ಅಮ್ಮ, ನಾಲ್ಕು ದಿನದಿಂದ ಕರಡಿಗೇನೂ ಕೇಳ್ತಿಲ್ಲ. ನನ್ನ ಕೈ ಮೇಲೆ ತಲೆ ಇಟ್ಟು ಹಂಗೇ ಮಲಗ್ಕೋತಾಳೆ. ನಿಮ್ಮದು ನಿಮಗೆ ವಾಪಸ್ ಕೊಟ್ಟು ಕಳಿಸ್ಲಾ?"

ಮಗು ಚೆನ್ನಾಗಿ ಮಲಗುತ್ತಿದೆ ಎಂದರೆ ನನಗೆ ಸಂತೋಷವಾಗಬೇಕು. ಆಯಿತು, ಸುಳ್ಳಲ್ಲ. ಆದರೆ ನಂದಿತಾ ಇನ್ನೊಮ್ಮೆ ಹೋದ ಹಾಗಾಯಿತು. "ಅಲ್ಲೇ ಇರ್ಲಿ ಕಣವ್ವ, ನಿನಗೇ ಕೊಟ್ಟದ್ದು" ಎಂದೆ.

ಅಷ್ಟರಲ್ಲಿ ಕಪಿಲಾ ಫೋನು ಕಿತ್ತುಕೊಂಡಿತು. "ಅಜ್ಜಿ, ನೀನು ಯಾರ ಜೊತೆ ಮಲಗ್ತೀಯ?"

"ಒಬ್ಬಳೇ ಕಣವ್ವ."

ಮಗು ಯೋಚಿಸಿತು. ಆಮೇಲೆ ಪವಿತ್ರಳ ಮೆತ್ತಗಿನ ದನಿಯಲ್ಲೇ, ಅವಳು ರಾತ್ರಿ ಹೇಳುವ ಹಾಗೇ ಹೇಳಿತು: "ಅಳಬ್ಯಾಡ. ಕಣ್ಣು ಮುಚ್ಕೋ. ನಿದ್ದೆ ಬತ್ತದೆ." ಮರುಕ್ಷಣವೇ "ಅಮ್ಮ ಕರೀತಾವ್ಳೆ" ಎಂದು ಫೋನು ಇಟ್ಟುಬಿಟ್ಟಿತು.

ಕಣ್ಣು ಮುಚ್ಚಿಕೊಂಡೆ. ಅಳದೆ ಇರುವುದು ಮಾತ್ರ ನನ್ನಿಂದ ಆಗಲಿಲ್ಲ.